ಅಟ್ಟ ಸೇರಿದ್ದ ಈಳಿಗೆಮಣೆ

ಲ್ಯಾಬಿನಲ್ಲಿ ನನ್ನ ಕೆಲಸವೆಲ್ಲ ಒಂದು ಚುಕ್ಕೆಯ ಹಿಂದೆ. ಜೀವಕೋಶದೊಳಗಿನ ಆ ಚುಕ್ಕೆಗೆ ಸೆಂಟ್ರೋಸೋಮ್ ಎನ್ನುತ್ತಾರೆ. ಕೋಶ ಇಬ್ಭಾಗವಾಗುವ ಮುಂಚೆ ಅದು ಎರಡಾಗಿ, ಆಚೆಗೊಂದು ಈಚೆಗೊಂದು ನಿಂತು, ಒಳಗಿನದನ್ನೆಲ್ಲ ಸರಿಯಾಗಿ ಪಾಲು ಮಾಡಿಸುತ್ತದೆ. ಹಿಂದೂಪುರದ ಮನೆಯಲ್ಲಿ ಇದನ್ನು ವಿವರಿಸಿದಾಗ ಅಮ್ಮ, “ಇಷ್ಟಕ್ಕೆ ಸಂಬಳ ಕೊಡ್ತಾರೇನಮ್ಮಾ?” ಎಂದಿದ್ದಳು. ನನಗೋ ಅದನ್ನು ನೋಡುತ್ತ ಕೂತರೆ ಊಟದ ನೆನಪೂ ಆಗುವುದಿಲ್ಲ.

ಅಕ್ಕನನ್ನು ಕಲ್ಯಾಣದುರ್ಗದ ನಮ್ಮ ಸೋದರಮಾವನಿಗೇ ಕೊಟ್ಟಿದ್ದರು. ನಮ್ಮಲ್ಲಿ ಅದು ರೂಢಿ. ಅವಳ ಮಗಳು ಹುಟ್ಟುವಾಗಲೇ ತಲೆ ಪುಟ್ಟದಾಗಿತ್ತು. ಈಗ ಹತ್ತು ವರ್ಷ. ಮಾತು ನಾಲ್ಕೈದೇ, ನಗು ಮಾತ್ರ ಮನೆ ತುಂಬ. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಅಕ್ಕ ಸೋರೆಕಾಯಿ ಹೆಚ್ಚಿದ್ದಕ್ಕೇ ಹೀಗಾಯಿತೆಂದು ಅಜ್ಜಿ ಹೇಳಿಬಿಟ್ಟಳು. ಅಜ್ಜಿ ಅಂದರೆ ಅಕ್ಕನಿಗೆ ಅತ್ತೆಯೂ ಹೌದು. ಅವತ್ತೇ ಈಳಿಗೆಮಣೆ ಅಟ್ಟ ಸೇರಿತು. ಆಮೇಲೆ ಅಕ್ಕ ಚಾಕುವಿನಲ್ಲೇ ತರಕಾರಿ ಹೆಚ್ಚಿದಳು, ಸೋರೆಕಾಯಿಯನ್ನಂತೂ ಮುಟ್ಟಲೇ ಇಲ್ಲ.

ಇಂಥ ಪುಟ್ಟ ತಲೆಗೆ ಎಷ್ಟೋ ಸಲ ಸೆಂಟ್ರೋಸೋಮಿನ ದೋಷವೇ ಕಾರಣವೆಂದು ನನಗೆ ಗೊತ್ತಿತ್ತು. ಆದರೂ ಬಾಯಿಬಿಡಲು ಹೆದರಿದೆ. ಆ ಹೇಡಿತನಕ್ಕೆ ಈಗಲೂ ನಾಚಿಕೆಯಾಗುತ್ತದೆ. ಕೊನೆಗೆ ಹೋದ ವರ್ಷ, ಅಕ್ಕ ಮಾವ ಒಪ್ಪಿದ ಮೇಲೆ, ಡಾಕ್ಟರ ಮೂಲಕ ಮೂವರ ರಕ್ತಪರೀಕ್ಷೆ ಮಾಡಿಸಿದೆ. ಕುತೂಹಲ ತಡೆಯಲಾರದೆ ನನ್ನ ರಕ್ತವನ್ನೂ ಕೊಟ್ಟೆ. ಎಣಿಸಿದಂತೆ ದೋಷ ಸೆಂಟ್ರೋಸೋಮಿನ ಒಂದು ಜೀನಿನಲ್ಲೇ ಇತ್ತು.

ಫಲಿತಾಂಶ ಹಿಡಿದು ಕಲ್ಯಾಣದುರ್ಗಕ್ಕೆ ಹೋದಾಗ ಜಗಲಿಯಲ್ಲಿ ಅಜ್ಜಿ, ಅಕ್ಕ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದರು. ಎರಡು ಬೀಜ ಅಂಗೈಲಿಟ್ಟುಕೊಂಡು ಹೇಳಿದೆ: “ನಮ್ ಮೈಯಾಗೆ ಎಲ್ಲಾನೂ ಹಿಂಗೆ ಜೋಡಿ ಕಣಕ್ಕ, ಅಪ್ಪಂದೊಂದು, ಅಮ್ಮಂದೊಂದು. ಒಂದು ಕೆಟ್ರೆ ಇನ್ನೊಂದು ನಡೆಸ್ತದೆ. ನಮ್ಮನೇಲಿ ಕೆಟ್ಟಿದ್ದೊಂದು ಅಜ್ಜಿಯಿಂದ್ಲೋ ತಾತನಿಂದ್ಲೋ ಮಾವನಿಗೂ ಅಮ್ಮನಿಗೂ ಬಂತು, ಅಮ್ಮನಿಂದ ನಿಂಗೂ ಬಂತು. ಪಾಪುಗೆ ಎರಡೂ ಕೆಟ್ಟಿದ್ದೇ ಸಿಕ್ತು. ಅದಕ್ಕೇ ಮೆದುಳು ಬೆಳೀಲಿಲ್ಲ. ನನ್ನಾಗೂ ಒಂದೈತೆ.”

“ನಿಜಂಗಾನಾ?” ಅಕ್ಕನ ಕೈ ನಿಂತಿತು. “ನಿಂಗೂ ಐತಾ? ನೀನು ಗ್ರಹಣದಾಗೆ ಏನೂ ಹೆಚ್ಚಿಲ್ವಲ್ಲೇ!”

“ನಾವು ಹುಟ್ಟೋಕೆ ಮುಂಚೇನೇ ಬಂದ್ಬುಟ್ಟೈತೆ ಕಣಕ್ಕ.”

ಅಜ್ಜಿ ತಲೆ ತಗ್ಗಿಸಿ ಸುಲಿಯುತ್ತಲೇ ಇದ್ದಳು. ಅಕ್ಕ ಎದ್ದು ಒಳಗೆ ಹೋದಳು. ಅಳುತ್ತಾಳೆಂದು ಹಿಂದೆಯೇ ಹೋದರೆ, ಸ್ಟೂಲು ಹತ್ತಿ ಅಟ್ಟ ತಡಕುತ್ತಿದ್ದಳು. ಈಳಿಗೆಮಣೆ ಇಳಿಸಿ, ಹುಣಸೆಹಣ್ಣು ಹಾಕಿ ತುಕ್ಕು ಉಜ್ಜಿ ತೊಳೆದಳು. ಮಗಳು ಪಕ್ಕದಲ್ಲಿ ಕೂತು ನಗುತ್ತಿದ್ದಳು.

“ಅಜ್ಜೀ,” ಎಂದು ಅಕ್ಕ ಕೂಗಿದಳು, “ಹಿತ್ತಲಾಗೆ ಸೋರೆಕಾಯಿ ಐತಲ್ಲ, ಕಿತ್ಕೊಂಡ್ ಬಾ.”

ಅಜ್ಜಿ ಎದ್ದು ಹೋಗಿ ತಂದುಕೊಟ್ಟಳು.