ಗೋದಾಮಿನ ಖಾಲಿ ಮೂಲೆ

ಕಾರಟಗಿಯ ಒಂದು ರೈಸ್ ಮಿಲ್ಲಿಗೆ ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿಕೊಡಲು ಹೋಗಿದ್ದೆ. ಗೋದಾಮಿನಲ್ಲಿ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಚೀಲ ಕಳಿಸುವುದು ಅದರ ಕೆಲಸ. ಮೊದಲ ದಿನವೇ ಅದು ಕಾಲುವೆ ಕಡೆಯ ಕಿಟಕಿಯ ಮೂಲೆಯನ್ನು ಆರಿಸಿತು.

ಅಕ್ಕಿ ಹಸನು ಮಾಡುವ ಹುಲಿಗೆವ್ವ ಸೊಂಟಕ್ಕೆ ಕೈಯಿಟ್ಟು ಬಂದಳು. "ಅಕ್ಕಾರ, ಅಲ್ಲಿ ಚೀಲ ಒಟ್ಟಬ್ಯಾಡ್ರಿ. ಉಂಡ ಮ್ಯಾಲ ನಾವು ಹೆಣ್ಮಕ್ಳು ಅಡ್ಡಾಗೋ ಜಾಗ ಅದು."

"ಕಂಪ್ಯೂಟರ್ ಖಾಲಿ ಅಂತ ತೋರಸ್ತೈತಲ್ಲ ಯವ್ವಾ."

"ನಾವು ಮಲಗಿದ್ರ ಖಾಲಿ ಏನ್ರಿ? ಅದು ಎಂದರ ಮಲಗೇತೇನು, ಅದಕ್ಕೇನು ಗೊತ್ತು! ನೀವರ ಒಂದ್ ಗಳಿಗಿ ಮಲಗಿ ನೋಡ್ರಿ."

ನೋಡಿದೆ. ಕಿಟಕಿಯಿಂದ ನೀರಿನ ತಂಪು ಬರುತ್ತಿತ್ತು. ಬಿಸಿಲಕೋಲಿನಲ್ಲಿ ತೌಡಿನ ಧೂಳು ಬಂಗಾರದ ಹಾಗೆ ತೇಲುತ್ತಿತ್ತು. ಮಿಲ್ಲಿನ ಸದ್ದು ದೂರ ದೂರ ಸರಿದು, ಯಾರೋ ಜೋಗುಳ ಗುನುಗಿದಂತಾಯಿತು. ಗೋದಾಮೇ ಕಾಲುವೆಗಿಳಿದು ಮೆಲ್ಲಗೆ ತೇಲಿ ಹೋಗುತ್ತಿದೆ ಅನಿಸಿತು.

ಕಣ್ಣು ಬಿಟ್ಟರೆ ಮಿಲ್ಲಿನ ಸಾಹುಕಾರರು ಎದುರಿಗೇ ನಿಂತಿದ್ದರು. "ಮೇಡಮ್ಮಾರ, ಈ ಮೂಲ್ಯಾಗ ಚೀಲ ಒಟ್ಟಸೋಣೇನ್ರಿ?"

"ಇದು ಭರ್ತಿ ಐತ್ರಿ," ಎಂದೆ.

ನನ್ನ ತಲೆಗೂದಲಿಗೆ ಹತ್ತಿದ ತೌಡು ನೋಡಿ ಅವರು ನಕ್ಕರು. "ಹೌದ್ರಿ, ಕಾಣಸ್ತೈತಿ. ಇರ್ಲಿ ಬಿಡ್ರಿ."

ಖಾಲಿ ಎಂದು ಬಿಟ್ಟರೆ ಸಾಫ್ಟ್‌ವೇರ್ ಸುಮ್ಮನಿರುವುದಿಲ್ಲ. ಅದಕ್ಕೇ ಆ ಮೂಲೆ ತುಂಬಿದೆ ಎಂದು ತೋರಿಸಿ, ಮಾಲಿನ ಹೆಸರು ಕೇಳಿದಲ್ಲಿ 'ನಿದ್ದಿ' ಎಂದು ಬರೆದೆ. ಈಗಲೂ ತಿಂಗಳಿಗೊಮ್ಮೆ ಅದು ನನ್ನ ಫೋನಿಗೆ ಎಚ್ಚರಿಕೆ ಕಳಿಸುತ್ತದೆ: ಈ ಮಾಲು ಬಹಳ ದಿನದಿಂದ ಕದಲಿಲ್ಲ, ಪರಿಶೀಲಿಸಿ.

ಪರಿಶೀಲಿಸಲು ನಾನು ಊಟವಾದ ಮೇಲೆಯೇ ಹೋಗುತ್ತೇನೆ.