ಅರ್ಧಕುದುರೆ ಮೇಸ್ತ್ರಿ

ನದಿದಂಡೆಯ ತಗಡಿನ ಶೆಡ್ಡಿನಲ್ಲಿ ಹಳೇ ದೋಣಿ ಎಂಜಿನ್ ರಿಪೇರಿ ಮಾಡುವ ಮೇಸ್ತ್ರಿಗೆ ಊರವರಿಟ್ಟ ಹೆಸರು ಅರ್ಧಕುದುರೆ. ಆರು ಕುದುರೆಶಕ್ತಿಯ ಎಂಜಿನ್ ತಂದು ಹತ್ತು ಮಾಡಿಕೊಡು ಎನ್ನುವವರಿಗೆಲ್ಲ ಅವನದು ಒಂದೇ ಉತ್ತರ: "ಅರ್ಧ ಕುದುರೆ ಕೊಡ್ತೀನಿ. ಜಾಸ್ತಿ ಬೇಕಾದ್ರೆ ಲಾಯಕ್ಕೆ ಹೋಗಿ." ವಯಸ್ಸು ಅರವತ್ತೈದು, ತೂಕ ನೂರರ ಆಚೆ. ಓಡುವ ಎಂಜಿನ್ ಪಕ್ಕ ಕೂತು, ಕಣ್ಣು ಮುಚ್ಚಿ ಅದರ ಸದ್ದು ಕೇಳದೆ ಯಾವ ಕೆಲಸವನ್ನೂ ಅವನು ಮುಗಿಯಿತು ಎನ್ನುವವನಲ್ಲ.

ಕಳೆದ ತಿಂಗಳು ದೋಣಿಯಕ್ಕ ಏದುಸಿರು ಬಿಡುತ್ತ ಬಂದಳು. ಇಪ್ಪತ್ತು ವರ್ಷದಿಂದ ಜನರನ್ನು ನದಿ ದಾಟಿಸುತ್ತಿರುವವಳು. ತುಂಬಿದ ದೋಣಿ ಹನ್ನೊಂದು ನಿಮಿಷದೊಳಗೆ ಆಚೆ ದಡ ಮುಟ್ಟದಿದ್ದರೆ ಲೈಸೆನ್ಸ್ ರದ್ದು ಎಂದು ಕಚೇರಿಯವರು ಹೊಸ ನಿಯಮ ಮಾಡಿದ್ದರು. ಅವಳ ಮಾವನ ಕಾಲದ ಎಂಜಿನ್ನಿಗೆ ಹನ್ನೆರಡು ಬೇಕು. ಈ ಹನ್ನೊಂದು ಹುಟ್ಟಿದ್ದು ಯಾರ ತಲೆಯಲ್ಲಿ? ನದಿಯನ್ನು ಕಿಟಕಿಯಿಂದ ಮಾತ್ರ ನೋಡಿದವರ ತಲೆಯಲ್ಲಿ. ಒಂದು ನಿಮಿಷ ತಡವಾಯಿತೆಂದು ಇಷ್ಟು ವರ್ಷದಲ್ಲಿ ಒಬ್ಬ ಪ್ರಯಾಣಿಕನೂ ಗೊಣಗಿದ್ದಿಲ್ಲ. ದಿನಾ ಅವಳ ದೋಣಿ ಹತ್ತುವ ನಾನು ಕಚೇರಿಗೆ ಹೋಗಿ ಕೇಳಿದೆ, ಫೈಲು ತೋರಿಸಿದರು. ಮೇಸ್ತ್ರಿ ಸ್ಪ್ಯಾನರ್ ತೆಗೆದುಕೊಂಡ.

ಮೂರು ದಿನದ ಕೆಲಸ. ಒಳಗೆ ಕಟ್ಟಿದ್ದ ಮಸಿ ಕೆರೆದ. ಪೆಟ್ರೋಲು, ಗಾಳಿ ಹೋಗುವ ದಾರಿಯ ಒರಟು ಅಂಚುಗಳನ್ನು ಅರದಿಂದ ಉಜ್ಜಿದ. ಒಳಗಿನ ಒತ್ತಡ ಏರಲೆಂದು, ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹಾಸಿ, ಸಿಲಿಂಡರಿನ ಮುಚ್ಚಳವನ್ನು ತಿಕ್ಕಿ ತಿಕ್ಕಿ ಕೂದಲೆಳೆಯಷ್ಟು ಸವೆಸಿದ.

"ಇನ್ನೊಂಚೂರು ತಿಕ್ಕಣ್ಣಾ."

"ತಿಕ್ಕಿದ್ರೆ ನದಿ ದಾಟಲ್ಲ ತಂಗಿ, ನೆಟ್ಟಗೆ ಆಕಾಶಕ್ಕೇ ಹೋಗ್ತೀಯ."

ಪರೀಕ್ಷೆಯ ದಿನ ಅಧಿಕಾರಿ ಗಡಿಯಾರ ಹಿಡಿದು ಈಚೆ ದಡದಲ್ಲಿ ನಿಂತ. ಎರಡೇ ಅವಕಾಶ. ಜನರ ಬದಲು ಮರಳಿನ ಮೂಟೆ ಹೇರಿದ್ದರು. ದೋಣಿಯಕ್ಕ ಹೊರಟಾಗ ಮೇಸ್ತ್ರಿಯೂ ದೋಣಿಗೆ ಹಾರಿ, ಅಭ್ಯಾಸಬಲದಿಂದ ಹಿಂದೆ ಎಂಜಿನ್ನಿಗೆ ಅಂಟಿಕೊಂಡು ಕೂತ. ದೋಣಿ ಮುಟ್ಟಿತೆಂದು ಆಚೆ ದಡದಲ್ಲಿ ಬಾವುಟ ಎದ್ದಾಗ ಹನ್ನೊಂದೂಕಾಲು ನಿಮಿಷ.

ದೋಣಿಯಕ್ಕ ವಾಪಸು ಬಂದಳು, ಉಳಿದದ್ದು ಒಂದೇ ಅವಕಾಶ. ಮೇಸ್ತ್ರಿ ಸ್ಕ್ರೂಡ್ರೈವರಿಗೆ ಕೈಹಾಕಿದ. ದಡದಲ್ಲಿದ್ದ ಅವನ ಹೆಂಡತಿ ಗದರಿದಳು: "ರೀ, ಕೆಳಗಿಡಿ ಅದನ್ನ! ಅರ್ಧ ಕುದುರೆ ಕೂಡ್ಸಿ ಮೇಲೊಂದು ಆನೆ ಕೂರ್ಸಿದ್ರಲ್ಲ! ದೋಣಿ ಮೂತಿ ಮೇಲೆತ್ಕೊಂಡು, ಹಿಂಭಾಗ ಎಳ್ಕೊಂಡು ಹೋಗ್ತಿತ್ತು. ಇಳೀರಿ ಮೊದಲು."

ಅಧಿಕಾರಿಯೂ ನಕ್ಕುಬಿಟ್ಟ.

ಮೇಸ್ತ್ರಿ ಇಳಿದ. ಮೊಣಕಾಲುದ್ದ ನೀರಲ್ಲಿ ನಿಂತು, ಕಣ್ಣು ಮುಚ್ಚಿ, ಮತ್ತೆ ಹೊರಟು ದೂರವಾಗುತ್ತಿದ್ದ ದೋಣಿಯ ಸದ್ದಿಗೆ ಕಿವಿಗೊಟ್ಟ. "ಎಂಜಿನ್ ಚೆನ್ನಾಗಿ ಮಾತಾಡ್ತಾ ಇದೆ," ಎಂದು ತನಗೇ ಹೇಳಿಕೊಂಡ. ಬಾವುಟ ಎದ್ದಿತು. ಹತ್ತೂಮುಕ್ಕಾಲು!

ಅಧಿಕಾರಿ ಸಹಿ ಹಾಕಿದ. ಹನ್ನೊಂದೇ ಏಕೆ ಎಂದು ನಾನಂತೂ ಕೇಳುವುದನ್ನು ಬಿಡುವುದಿಲ್ಲ.

ದೋಣಿಯಕ್ಕ ಈಗಲೂ ಮೇಸ್ತ್ರಿಯನ್ನು ಆಚೆ ದಡಕ್ಕೆ ಕರೆದೊಯ್ಯುತ್ತಾಳೆ. ಅವನ ಜಾಗ ಮಾತ್ರ ಮುಂದಿನ ಮೂತಿಯಲ್ಲಿ. ನದಿಗೆ ಬೆನ್ನು ಹಾಕಿ, ಎಂಜಿನ್ ಕಡೆ ಮುಖ ಮಾಡಿ ಕೂರುತ್ತಾನೆ.