ಧೋತ್ರದ ಮೇಲೆ ಜಪಾನಿನ ಕೆಂಪು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ನನ್ನಪ್ಪನಿಗೆ ಲೋಕದಲ್ಲಿ ಇದ್ದದ್ದು ಒಂದೇ ಕೆಂಪು, ನಮ್ಮೂರಿನದು. ದಾಸವಾಳವೂ ಅದರ ಮುಂದೆ ಸಪ್ಪೆ!

ರಾಣೆಬೆನ್ನೂರಿನ ನನ್ನ ಸೋದರಮಾವನ ಮಗನಿಗೆ ನನ್ನನ್ನು ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಅವನು ಹೇಳದೆ ಕೇಳದೆ ಪಲ್ಟಣ ಸೇರಿ ಸಿಪಾಯಿಯಾದ. ಅಪ್ಪ ಕೆಂಡಾಮಂಡಲವಾದ, ಮಾತು ಮುರಿಯಿತು. ಯುದ್ಧ ಮುಗಿದ ಮೇಲೆ ರಜೆಗೆ ಬಂದವನು, ಇನ್ನು ತಮ್ಮ ಪಲ್ಟಣವನ್ನು ಸೋತ ಜಪಾನಿನ ಕಾವಲಿಗೆ ಕಳಿಸುತ್ತಾರೆ ಎಂದು ಹೇಳಿಹೋಗಲು ನಮ್ಮ ಮನೆಗೂ ಬಂದ. ಅಪ್ಪ ಕಟ್ಟೆಯ ಮೇಲಿಂದಲೇ ನಕ್ಕ.

"ಹೋಗಪಾ ಹೋಗು. ನಮ್ಮ ಮೆಣಸಿನಕಾಯಿಗಿಂತ ಗಟ್ಟಿ ಕೆಂಪು ಎಲ್ಲೆರೆ ಸಿಕ್ಕರ ತೊಗೊಂಡ ಬಾ. ಆವಾಗ ಕೊಡತೇನಿ ಮಗಳ್ನ."

ಇಲ್ಲ ಎನ್ನುವುದಕ್ಕೆ ಅದು ಅಪ್ಪನ ರೀತಿ. ನಾನು ಆ ಮಾತನ್ನೇ ಗಟ್ಟಿಯಾಗಿ ಹಿಡಿದು ಕೂತೆ.

ಮರುವರ್ಷ, ಸ್ವಾತಂತ್ರ್ಯ ಇನ್ನೇನು ಬಂತು ಎಂದು ಊರೆಲ್ಲ ಮಾತಾಡುತ್ತಿದ್ದ ಬೇಸಿಗೆಯಲ್ಲಿ, ಅವನು ಕಂಬಳಿಯಲ್ಲಿ ಕೂಸಿನಂತೆ ಸುತ್ತಿದ ಬಾಟಲಿಯೊಂದನ್ನು ಎತ್ತಿಕೊಂಡು ಬಂದ.

"ಮಾವಾ, ಕೆಂಪು ತಂದೇನ್ರಿ. ದ್ರಾಕ್ಷಿದು."

"ಸೆರೆ ಬಾಟ್ಲಿ ತಂದೀಯೇನಲೇ! ಹೊಸ್ತಿಲಾ ದಾಟಿದ್ರ ನೋಡು!"

ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ. ಅವನು ಅಂಗಳದಲ್ಲೇ ನಿಂತು ಹೇಳತೊಡಗಿದ. ಜಪಾನಿನಲ್ಲಿ ಹಿಮ ಬೀಳುವ ಗುಡ್ಡದ ಬುಡದಲ್ಲಿ ಗಂಡ ಹೆಂಡತಿ ಇಬ್ಬರೇ ಸೇರಿ ಈ ವೈನ್ ಮಾಡುತ್ತಾರಂತೆ. ಒಂದೇ ಒಂದು ಕೊಟ್ಟಿಗೆ, ಅದರಲ್ಲಿ ಕಟ್ಟಿಗೆಯ ನಾಲ್ಕಾರು ಪೀಪಾಯಿ. ಚಳಿಗೆ ಹಣ್ಣು ನಿಧಾನಕ್ಕೆ ಮಾಗುತ್ತದೆ, ಗಾತ್ರ ಸಣ್ಣದು, ರಸಕ್ಕೆ ಬಣ್ಣವೇ ಇಲ್ಲ. ಬಣ್ಣವೆಲ್ಲ ಸಿಪ್ಪೆಯದು.

"ಸಿಪ್ಪ್ಯಾಗ?" ಅಪ್ಪ ಕಟ್ಟೆ ಇಳಿದೇ ಬಿಟ್ಟ! ಮೆಣಸಿನಕಾಯಿಗೂ ಬಣ್ಣ ಸಿಪ್ಪೆಯಲ್ಲೇ ಅಲ್ಲವೇ? ಬಾಟಲಿ ಕಸಿದುಕೊಂಡು ಬಿಸಿಲಿಗೆ ಹಿಡಿದ. ಒಳಗೆ ಕೆಂಪು ಹೊಳೆಯಿತು.

ಅಂಗಡಿಯಲ್ಲಿ ಬಣ್ಣ ನೋಡುವ ಹಾಗೆಯೇ ನೋಡಿದ. ನೆನೆಸಿದ ಮೆಣಸಿನಕಾಯಿಯನ್ನು ತನ್ನ ಬಿಳಿ ಧೋತ್ರದ ಸೆರಗಿಗೆ ತಿಕ್ಕಿ, ಪಕ್ಕದಲ್ಲಿ ಆ ವೈನು ಹನಿಸಿದ. ಎರಡೂ ಕೆಂಪು. ನಮ್ಮದು ತುಸು ಹೆಚ್ಚೇ. ಅಪ್ಪ ಮೀಸೆ ತಿರುವಿದ. ನನಗೆ ಅಳು ಬಂತು.

ಆಗ, ಅಪ್ಪನೆದುರು ಎಂದೂ ಬಾಯಿ ಬಿಡದ ಅವ್ವ ಒಳಗಿಂದ ಅಂದಳು: "ಹಸೀ ಬಣ್ಣ ಏನ ನೋಡ್ತೀರಿ? ಒಗದು ಬಿಸಲಿಗೆ ಹಾಕಿದ ಮ್ಯಾಲೆ ನಿಂತದ್ದ ಖರೇ ಬಣ್ಣ."

ನನಗೆ ಕುಣಿಯುವಂತಾಯಿತು! ಮೆಣಸಿನಕಾಯಿಯ ಕಲೆಯನ್ನು ಬಿಸಿಲು ತಿನ್ನುತ್ತದೆ, ಹಣ್ಣಿನ ಕಲೆ ಹೋಗುವುದಿಲ್ಲ ಎಂದು ದಿನಾ ಬಟ್ಟೆ ಒಗೆಯುವ ನಮಗೆ ಗೊತ್ತು. ಧೋತ್ರವನ್ನು ಹಿಂಡಿದ್ದೂ ಇಲ್ಲದ ಅಪ್ಪನಿಗೆ ಏನು ಗೊತ್ತು? ಅಪ್ಪ ಒಮ್ಮೆ ಅವ್ವನ ಕಡೆ ನೋಡಿ, "ಹೂಂ, ಹಾಕ್ರಿ" ಎಂದ.

ಮರುದಿನ ಒಗೆದು ಹಾಕಿದ ಧೋತ್ರ ನೋಡಲು ಓಡಾಡುತ್ತ ನಾನು ಒಲೆಯ ಮುಂದೆ ಕೂತದ್ದೇ ಕಡಿಮೆ. ರೊಟ್ಟಿ ಸೀದವು, ಅವ್ವ ಬೈಯಲಿಲ್ಲ. ಸಂಜೆಗೆ ಮೆಣಸಿನಕಾಯಿಯ ಕಲೆ ಮಾಯ. ದ್ರಾಕ್ಷಿಯದು ನೇರಳೆ ಬಣ್ಣಕ್ಕೆ ತಿರುಗಿ ಹಾಗೇ ಕೂತಿತ್ತು.

"ಮಾತಂದ್ರ ಮಾತು," ಎಂದ ಅಪ್ಪ.

ಮದುವೆಯಾಗಿ ರಾಣೆಬೆನ್ನೂರಿನ ರೈಲು ಹತ್ತಿದೆ. ಅಪ್ಪ ಕಿಟಕಿಯಿಂದ ಗೋಣಿಚೀಲ ಸುತ್ತಿದ ಆ ಬಾಟಲಿಯನ್ನು ನನ್ನ ಮಡಿಲಿಗಿಟ್ಟ.

"ಅಂಗಡ್ಯಾಗ ಕತ್ತಲ್ಯಾಗ ಇಟ್ಟಿದ್ದೆ. ನೀನೂ ಹಂಗ ಇಡು. ಭಾಳ ದಿನ ಬಿಸಲಿಗಿಟ್ರ ಯಾವ ಬಣ್ಣಾನೂ ನಿಲ್ಲೂದಿಲ್ಲವಾ."

ನಾನು ಅವನ ಮುಖ ನೋಡಿದೆ. "ಅಪ್ಪಾ, ಮೆಣಸಿನಕಾಯಿ ಬಣ್ಣ ಬಿಸಲಿಗೆ ಹೋಗತೈತಿ ಅಂತ ನಿನಗ ಮೊದಲ ಗೊತ್ತಿತ್ತೇನು?"

"ಹುಟ್ಟಿದಾಗಿಂದ ಮೆಣಸಿನಕಾಯಿ ಒಣಗಸಾಕತ್ತೇನಿ. ಗೊತ್ತಿರೂದಿಲ್ಲೇನ?"

ರೈಲು ಹೊರಟಿತು. ಅಪ್ಪ ಅದೇ ಧೋತ್ರ ಉಟ್ಟಿದ್ದ, ಕಲೆ ಕಾಣುವ ಹಾಗೆ.